ಅಣು ಇದ್ದದ್ದಕ್ಕಿಂತ ಚಿಕ್ಕದಾಗಿ ಕಂಡರೆ: ಡಿಫ್ಯೂಷನ್ ಎನ್‌ಎಂಆರ್ ದೋಷ ನಿವಾರಣೆ

ತೊಂದರೆಯ ಗುರುತು

ಸಾಲೆನ್ ಮಾಡಿದ್ದೀರಿ, ಆಲ್ಡಿಹೈಡ್ ಮತ್ತು ಅಮೀನ್ ಸೇರಿ ಆಗುವ ಒಂದು ಶಿಫ್ ಬೇಸ್. ಸ್ಯಾಲಿಸಿಲಾಲ್ಡಿಹೈಡ್ ಎರಡು ಪಾಲು, ಎಥಿಲೀನ್‌ಡೈಅಮೀನ್ ಒಂದು ಪಾಲು, ಬಿಸಿ ಎಥನಾಲ್‌ನಲ್ಲಿ ಸೇರಿಸಿದ ಸ್ವಲ್ಪ ಹೊತ್ತಿಗೇ ಹಳದಿ ಚಕ್ಕೆಗಳು ಬಿದ್ದಿವೆ. ಫಿಲ್ಟರ್ ಮಾಡಿ, ತಣ್ಣನೆಯ ಎಥನಾಲ್‌ನಲ್ಲಿ ತೊಳೆದು ಒಣಗಿಸಿದ್ದೀರಿ. ಮೆಲ್ಟಿಂಗ್ ಪಾಯಿಂಟ್ 126–128 ಡಿಗ್ರಿ. ಪ್ರೋಟಾನ್ ಎನ್‌ಎಂಆರ್ ಕೂಡ ಚೆನ್ನಾಗಿದೆ. ಆಮೇಲೆ ದ್ರವದಲ್ಲಿ ಅಣು ಎಷ್ಟು ಬೇಗ ಅಲೆಯುತ್ತದೆ ಅಂತ ಅಳೆಯುವ ಡಿಫ್ಯೂಷನ್ ಪ್ರಯೋಗ ಹಾಕಿದರೆ ಉತ್ತರ 2.15 × 10⁻⁹ ಚದರ ಮೀಟರ್ ಪ್ರತಿ ಸೆಕೆಂಡಿಗೆ ಅಂತ ಬರುತ್ತದೆ. ಇನ್ನು ಮುಂದೆ ಬರೀ 2.15 ಎಂದು ಬರೆಯುತ್ತೇನೆ, 10⁻⁹ ಇದೆ ಅಂತ ತಿಳಿದುಕೊಳ್ಳಿ.

ಬರಬೇಕಾದದ್ದರ ಹತ್ತತ್ತಿರ ಎರಡು ಪಟ್ಟು ಅದು. ಸೂತ್ರಕ್ಕೆ ಹಾಕಿದರೆ ಅಣುವಿನ ತ್ರಿಜ್ಯ ಅರ್ಧಕ್ಕೆ ಬಂದು ನಿಲ್ಲುತ್ತದೆ. "ಸರ್, ನನ್ನ ಕಾಂಪೌಂಡ್ ಒಡೆದುಹೋಗಿದೆಯಾ?" ಅಂತ ಮಂಡ್ಯದಿಂದ ಫೋನ್ ಬರುವುದು ಆಗಲೇ. ಒಡೆದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಜಾಸ್ತಿ ಸಲ ಕಾಂಪೌಂಡ್ ತನ್ನ ಪಾಡಿಗೆ ಸರಿಯಾಗೇ ಇರುತ್ತದೆ, ಟ್ಯೂಬಿನೊಳಗಿನ ದ್ರವ ಸುಮ್ಮನೆ ನಿಂತಿರುವುದಿಲ್ಲ. ಫ್ಲಾಸ್ಕ್ ಮತ್ತೆ ಒಲೆಗೆ ಏರಿಸುವ ಮುಂಚೆ ಯಾವುದನ್ನು ಯಾವ ಸಾಲಿನಲ್ಲಿ ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆ ಸಾಲೆನ್‌ದು. ಬೇರೆ ಯಾವ ಶಿಫ್ ಬೇಸ್ ಆದರೂ ಮುಕ್ಕಾಲು ಪಾಲು ಇದೇ ದಾರಿ.

ಅಷ್ಟಕ್ಕೂ ಎಷ್ಟು ಬರಬೇಕಿತ್ತು?

ಬಂದ ಸಂಖ್ಯೆ ತಪ್ಪು ಅನ್ನಬೇಕಾದರೆ ಸರಿಯಾದದ್ದು ಸುಮಾರು ಎಷ್ಟು ಅಂತ ಕೈಯಲ್ಲಿರಬೇಕು. ಇದನ್ನು ಮಾಡದೆ ನೇರ ಮೆಷಿನ್ ಮೇಲೆ ಅನುಮಾನ ಪಡುವವರೇ ಜಾಸ್ತಿ.

ಸ್ಟೋಕ್ಸ್–ಐನ್‌ಸ್ಟೈನ್ ಸೂತ್ರ ಎಲ್ಲರಿಗೂ ಗೊತ್ತು. ಐನ್‌ಸ್ಟೈನ್ 1905ರಲ್ಲಿ ಬರೆದರು. ಅದೇ ವರ್ಷ ಮೆಲ್ಬರ್ನ್‌ನಲ್ಲಿದ್ದ ವಿಲಿಯಂ ಸದರ್ಲೆಂಡ್ ಕೂಡ ತಮ್ಮ ದಾರಿಯಲ್ಲೇ ಅದನ್ನು ಮುಟ್ಟಿದ್ದರು, ಪಾಪ ಅವರ ಹೆಸರು ಪಠ್ಯಪುಸ್ತಕದಲ್ಲಿ ಬರುವುದು ಕಡಿಮೆ. ಸೂತ್ರ ಹೇಳುವುದು ಇಷ್ಟೇ: ಬಿಸಿ ಜಾಸ್ತಿಯಾದರೆ ಅಣು ಬೇಗ ಅಲೆಯುತ್ತದೆ, ದ್ರವ ಮಂದವಾದರೆ ನಿಧಾನ, ಅಣು ದೊಡ್ಡದಾದರೆ ಇನ್ನೂ ನಿಧಾನ. 25 ಡಿಗ್ರಿಯಲ್ಲಿ ಕ್ಲೋರೋಫಾರ್ಮ್‌ನ ಸ್ನಿಗ್ಧತೆ, ಅಂದರೆ ಮಂದತನ, ಸುಮಾರು 0.54 ಮಿಲಿಪಾಸ್ಕಲ್ ಸೆಕೆಂಡ್. ನೀರಿನದು 0.89. ಮಂದ ದ್ರಾವಕವಾದ ಡಿಎಂಎಸ್‌ಒದು ಹತ್ತಿರ ಹತ್ತಿರ 2.

ಸಾಲೆನ್‌ನ ಅಣುತೂಕ 268. ತ್ರಿಜ್ಯ ಸುಮಾರು 3.9 ಆಂಗ್‌ಸ್ಟ್ರಾಮ್ ಅಂತ ಇಟ್ಟರೆ ಕ್ಲೋರೋಫಾರ್ಮ್‌ನಲ್ಲಿ ಉತ್ತರ 1.04 ಬರುತ್ತದೆ. ಇಷ್ಟು ಚಿಕ್ಕ ಅಣುಗಳು ಸೂತ್ರ ಹೇಳುವುದಕ್ಕಿಂತ ತುಸು ಚುರುಕಾಗೇ ಓಡಾಡುತ್ತವೆ. ಹಾಗಾಗಿ 1.0ರಿಂದ 1.3ರ ನಡುವೆ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಟ್ಯೂಬಿನಲ್ಲಿ ಉಳಿದಿರುವ ಸಾದಾ ಕ್ಲೋರೋಫಾರ್ಮ್, ಅಂದರೆ ಸ್ಪೆಕ್ಟ್ರಮ್ಮಿನಲ್ಲಿ 7.26 ಪಿಪಿಎಂ (ಗೆರೆಯ ಜಾಗ ಹೇಳುವ ಅಳತೆ) ಹತ್ತಿರದ ಗೆರೆ, ಸುಮಾರು 2.3–2.4 ತೋರಿಸಬೇಕು. ಈ ಎರಡೂ ಸಂಖ್ಯೆಗಳನ್ನು ಲಾಗ್ ಬುಕ್ಕಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಇವುಗಳ ಮೇಲೇ ನಿಂತಿವೆ.

ಮೊದಲು ಸ್ಪೆಕ್ಟ್ರಮ್ ನೋಡಿ

ಕಾಂಪೌಂಡ್ ಒಡೆದಿದೆಯೋ ಇಲ್ಲವೋ ಅಂತ ತಿಳಿಯಲು ಡಿಫ್ಯೂಷನ್ ಬೇಕಿಲ್ಲ. ಸಾದಾ ಪ್ರೋಟಾನ್ ಸ್ಪೆಕ್ಟ್ರಮ್ ಸಾಕು. ಆದರೆ ಅದು ಡಿಫ್ಯೂಷನ್ ಹಾಕಿದ ಅದೇ ಟ್ಯೂಬಿನದಾಗಿರಬೇಕು, ಪ್ರಯೋಗ ಮುಗಿದ ಮೇಲೆ ತೆಗೆದದ್ದಾಗಿರಬೇಕು. ಹೋದ ವಾರದ್ದು ಬೇಡ.

ಸಾಲೆನ್‌ನ ಇಮೈನ್ (ಕಾರ್ಬನ್–ನೈಟ್ರೋಜನ್ ಜೋಡಿಬಂಧ) ಪ್ರೋಟಾನ್ 8.36 ಪಿಪಿಎಂ ಹತ್ತಿರ ಕಾಣುತ್ತದೆ. ಎಥಿಲೀನ್ ಸೇತುವೆ 3.94ರಲ್ಲಿ. ಫಿನಾಲ್‌ನ ಒಎಚ್ 13.2ರ ಆಸುಪಾಸು, ಪಕ್ಕದ ನೈಟ್ರೋಜನ್ ಅದನ್ನು ಹೈಡ್ರೋಜನ್ ಬಂಧದಲ್ಲಿ ಹಿಡಿದುಕೊಂಡಿರುವುದರಿಂದ ಅಷ್ಟು ದೂರ ಹೋಗಿರುತ್ತದೆ. ಇಮೈನ್ ಒಡೆದು ಸ್ಯಾಲಿಸಿಲಾಲ್ಡಿಹೈಡ್ ವಾಪಸ್ ಬಂದಿದ್ದರೆ 9.9ರಲ್ಲಿ ಆಲ್ಡಿಹೈಡ್, 11.0ರಲ್ಲಿ ಅದರ ಒಎಚ್ ತಲೆ ಎತ್ತುತ್ತವೆ. ಎರಡೂ ಕಡೆ ಬೇಸ್‌ಲೈನ್ ಚಪ್ಪಟೆಯಾಗಿದೆಯಾ? ಹಾಗಾದರೆ ಒಡೆದಿಲ್ಲ. ಮುಂದಿನ ಭಾಗಕ್ಕೆ ಹೋಗಿ.

ಗೆರೆ ಕಂಡರೆ ತಪ್ಪು ಸಿಂಥೆಸಿಸ್‌ದೇ ಆಗಬೇಕಿಲ್ಲ. ಹಳೆಯ ಸಿಡಿಸಿಎಲ್3 (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ಕ್ಲೋರೋಫಾರ್ಮ್, ನಮ್ಮ ದ್ರಾವಕ) ಬಾಟಲಿಯನ್ನು ಕೇಳಿ. ಬೆಳಕು, ಗಾಳಿ ತಾಗಿದ ಕ್ಲೋರೋಫಾರ್ಮ್ ಮೆಲ್ಲಗೆ ಹಾಳಾಗಿ ಫಾಸ್ಜೀನ್ ಮತ್ತು ಆಮ್ಲ ಹುಟ್ಟಿಸುತ್ತದೆ. ಡ್ಯೂಟೀರಿಯಂ ಇದ್ದಲ್ಲಿ ಅದು ಡಿಸಿಎಲ್. ಆಮ್ಲ ಚೂರು, ನೀರು ಚೂರು ಇದ್ದರೆ ಸಾಕು, ಇಮೈನ್ ಬಿಚ್ಚಿಕೊಳ್ಳಲು ಶುರುಮಾಡುತ್ತದೆ. ನೀರು ಎಲ್ಲಿಂದ ಅಂತ ಕೇಳಬೇಡಿ, 1.56ರಲ್ಲಿ ಪ್ರತಿ ಸಲ ಕಾಣುವ ಆ ಗೆರೆಯೇ ನೀರು. ಜುಲೈ ತಿಂಗಳ ಜಡಿಮಳೆಯಲ್ಲಿ ಅದು ಇನ್ನೂ ಎತ್ತರ.

ಮದ್ದು ಸುಲಭ. ಪಾಶ್ಚರ್ ಪಿಪೆಟ್ಟಿನ ಕುತ್ತಿಗೆಯಲ್ಲಿ ಒಂದು ಚೂರು ಹತ್ತಿ ತುರುಕಿ. ಅದರ ಮೇಲೆ ಎರಡು ಬೆರಳು ಎತ್ತರ ಬೇಸಿಕ್ ಅಲ್ಯುಮಿನಾ ಹಾಕಿ. ಬೇಕಾದಷ್ಟೇ ಸಿಡಿಸಿಎಲ್3 ಅದರ ಮೂಲಕ ಇಳಿಸಿ, ಆಗಲೇ ಬಳಸಿ. ಒಣ ಪೊಟ್ಯಾಸಿಯಂ ಕಾರ್ಬೊನೇಟ್ ಮೇಲೆ ಇಟ್ಟುಕೊಂಡರೂ ಆಗುತ್ತದೆ. ಹೊಸ ಬಾಟಲಿಯೊಳಗೆ ಬೆಳ್ಳಿ ಹಾಳೆ ಇರುವುದೂ ಈ ಆಮ್ಲವನ್ನು ಹಿಡಿಯಲಿಕ್ಕೇ. ಅದನ್ನು ಕಸ ಅಂತ ತೆಗೆದು ಬಿಸಾಡಿದವರನ್ನು ನೋಡಿದ್ದೇನೆ.

ಮಂಡ್ಯ, ಮದ್ದೂರು ಕಡೆಯಿಂದ ಮೈಸೂರಿಗೆ ಸ್ಯಾಂಪಲ್ ತರುವವರಿಗೆ ಒಂದು ಮಾತು. ಮನೆಯಲ್ಲೇ ಕರಗಿಸಿ, ಟ್ಯೂಬಿಗೆ ತುಂಬಿ, ಬಸ್ಸಿನ ಕಿಟಕಿ ಪಕ್ಕ ಬಿಸಿಲಿನಲ್ಲಿ ಹಿಡಿದುಕೊಂಡು ಬರಬೇಡಿ. ಮಂಡ್ಯದಿಂದ 45 ಕಿಲೋಮೀಟರ್ ಬರುವಷ್ಟರಲ್ಲಿ ಆ ಪ್ಲಾಸ್ಟಿಕ್ ಮುಚ್ಚಳದ ಸಂದಿಯಿಂದ ಕ್ಲೋರೋಫಾರ್ಮ್ ಸ್ವಲ್ಪ ಹಾರಿರುತ್ತದೆ, ಅದು ಕುದಿಯುವುದೇ 61 ಡಿಗ್ರಿಗೆ. ಒಣ ಪುಡಿಯನ್ನು ಸಣ್ಣ ವಯಲ್‌ನಲ್ಲಿ ತನ್ನಿ. ಇಲ್ಲೇ ಕರಗಿಸೋಣ.

ಇನ್ನೊಂದು ಸುಳ್ಳು ಸುಳಿವಿದೆ. ಸಿಲಿಕಾ ಪ್ಲೇಟಿನ ಮೇಲೆ ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿಯಲ್ಲಿ ಆಲ್ಡಿಹೈಡ್‌ನ ಚುಕ್ಕೆ ಕಂಡಿತು ಅಂತ ಗಾಬರಿಯಾಗಿ ಬರುತ್ತಾರೆ. ಸಿಲಿಕಾ ಸ್ವಲ್ಪ ಆಮ್ಲದ ಸ್ವಭಾವದ್ದು. ಎಷ್ಟೋ ಇಮೈನ್‌ಗಳು ಪ್ಲೇಟಿನ ಮೇಲೇ ಒಡೆಯುತ್ತವೆ. ಫ್ಲಾಸ್ಕಿನಲ್ಲಿ ಆಲ್ಡಿಹೈಡ್ ಇರುವುದೇ ಇಲ್ಲ. ಪ್ಲೇಟಿನ ಮೇಲೆ ಏರುವ ದ್ರವಕ್ಕೆ, ಅಂದರೆ ಎಲುಯೆಂಟ್‌ಗೆ ಒಂದೆರಡು ಹನಿ ಟ್ರೈಎಥಿಲ್‌ಅಮೀನ್ ಹಾಕಿ ಮತ್ತೆ ಓಡಿಸಿ. ಚುಕ್ಕೆ ಮಾಯವಾದರೆ ಅದು ಪ್ಲೇಟಿನ ಕಿತಾಪತಿ.

ಇಲ್ಲೇ ಇನ್ನೊಂದು ನೋಡಿ: ಡಿಫ್ಯೂಷನ್ ಲೆಕ್ಕಕ್ಕೆ ಯಾವ ಗೆರೆ ಆರಿಸಿದ್ದೀರಿ? 6.8ರಿಂದ 7.4ರವರೆಗಿನ ಆರೊಮ್ಯಾಟಿಕ್ ಗುಂಪು ಎತ್ತರವಾಗಿರುತ್ತದೆ ಅಂತ ಅದನ್ನೇ ಹಿಡಿಯುತ್ತಾರೆ. ಅಲ್ಲೇ ಕ್ಲೋರೋಫಾರ್ಮ್ ಕೂತಿದೆ. ವೇಗದ ಅಣುವಿನ ಗೆರೆ ನಿಧಾನದ ಅಣುವಿನ ಗೆರೆ ಜೊತೆ ಬೆರೆತರೆ ಸರಾಸರಿ ಮೇಲಕ್ಕೆ ಹೋಗುತ್ತದೆ. 13.2ರ ಒಎಚ್ ಕೂಡ ಬೇಡ. ಅದು ನೀರಿನ ಜೊತೆ ಪ್ರೋಟಾನ್ ಅದಲುಬದಲು ಮಾಡಿಕೊಂಡರೆ ನೀರಿನ ವೇಗವನ್ನೂ ಸ್ವಲ್ಪ ಹೊತ್ತು ತರುತ್ತದೆ. 8.36 ಅಥವಾ 3.94 ಬಳಸಿ. ಎರಡೂ ಒಂದೇ ಉತ್ತರ ಕೊಡಬೇಕು. ಕೊಡದಿದ್ದರೆ ಬೇಸ್‌ಲೈನ್ ಸರಿಮಾಡಿ.

ದ್ರವ ನಿಂತಿದೆಯಾ?

ಸ್ಪೆಕ್ಟ್ರಮ್ ಶುದ್ಧ, ಗೆರೆಯೂ ಸರಿ, ಆದರೂ 2.15. ಈಗ ಕನ್ವೆಕ್ಷನ್ ಮೇಲೆ, ಅಂದರೆ ಬಿಸಿಯ ವ್ಯತ್ಯಾಸದಿಂದ ದ್ರವ ಹರಿಯುವುದರ ಮೇಲೆ, ಅನುಮಾನ ಪಡಿ. ಕ್ಲೋರೋಫಾರ್ಮ್, ಅಸಿಟೋನ್‌ನಂಥ ತೆಳು ದ್ರಾವಕ ಆಗಿದ್ದರೆ ನಾನು ಬೇರೆ ಏನನ್ನೂ ನೋಡುವ ಮುಂಚೆ ಇದನ್ನೇ ನೋಡುತ್ತೇನೆ.

ಪ್ರಯೋಗ ನಡೆಯುವ ಬಗೆ ನೆನಪಿಸಿಕೊಳ್ಳಿ. ಸ್ಟೆಜ್‌ಸ್ಕಲ್ ಮತ್ತು ಟ್ಯಾನರ್ 1965ರಲ್ಲಿ ಕೊಟ್ಟ ಉಪಾಯ ಇದು. ಮೊದಲ ಗ್ರೇಡಿಯಂಟ್ ಪಲ್ಸ್ (ಎತ್ತರಕ್ಕೆ ತಕ್ಕಂತೆ ಬದಲಾಗುವ ಕಾಂತಕ್ಷೇತ್ರದ ಒಂದು ಮಿಡಿತ) ಪ್ರತಿ ಅಣುವಿಗೂ ಅದು ಟ್ಯೂಬಿನಲ್ಲಿ ಎಷ್ಟು ಎತ್ತರದಲ್ಲಿದೆ ಅಂತ ಗುರುತು ಹಾಕುತ್ತದೆ. ಸ್ವಲ್ಪ ಹೊತ್ತು ಕಾಯುತ್ತೇವೆ. ಈ ಕಾಯುವ ಸಮಯವೇ ಬಿಗ್ ಡೆಲ್ಟಾ. ಎರಡನೇ ಪಲ್ಸ್ ಆ ಗುರುತನ್ನು ಅಳಿಸುತ್ತದೆ. ಅಲುಗದ ಅಣುವಿನ ಗುರುತು ಪೂರ್ತಿ ಅಳಿದು ಸಿಗ್ನಲ್ ವಾಪಸ್ ಬರುತ್ತದೆ. ಜಾಗ ಬದಲಿಸಿದ ಅಣುವಿನದು ಬರುವುದಿಲ್ಲ. ಸಿಗ್ನಲ್ ಎಷ್ಟು ಬೇಗ ಕುಗ್ಗಿತು ಅನ್ನುವುದರಿಂದ ಅಣು ಎಷ್ಟು ಅಲೆಯಿತು ಅಂತ ಲೆಕ್ಕ ಹಾಕುತ್ತೇವೆ. ಆದರೆ ಅಣು ತಾನಾಗಿ ಅಲೆಯಿತೋ, ದ್ರವವೇ ಹರಿದು ಅದನ್ನು ಎತ್ತಿಕೊಂಡು ಹೋಯಿತೋ, ಅದು ಮೆಷಿನ್‌ಗೆ ತಿಳಿಯುವುದಿಲ್ಲ.

ದ್ರವ ಯಾಕೆ ಹರಿಯುತ್ತದೆ? ಪ್ರೋಬ್‌ನೊಳಗೆ ಉಷ್ಣಾಂಶ ಕಾಯುವ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಕೋಣೆಯಲ್ಲಿ ಎಸಿ 20ಕ್ಕೆ ಇದೆ, ನೀವು ಸ್ಯಾಂಪಲ್ ಉಷ್ಣಾಂಶ 25 ಅಂತ ಕೊಟ್ಟಿದ್ದೀರಿ ಅನ್ನಿ. ಗಾಳಿ ಬಿಸಿಯಾಗಿ ಬಂದು ಟ್ಯೂಬಿನ ತಳಕ್ಕೆ ಮೊದಲು ತಾಗುತ್ತದೆ. ತಳ ಬೆಚ್ಚಗೆ, ಮೇಲೆ ತಣ್ಣಗೆ. ಅನ್ನಕ್ಕೆ ಇಟ್ಟ ಎಸರಿನಲ್ಲಿ ಕುದಿ ಬರುವ ಮುಂಚೆಯೇ ಕಾಳು ಮೇಲೆ ಕೆಳಗೆ ಸುತ್ತುತ್ತದಲ್ಲ, ಅದೇ ಆಟ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ.

ಎಷ್ಟು ಮೆಲ್ಲಗೆ ಅಂದರೆ ನಂಬಲಾರಿರಿ. ಸೆಕೆಂಡಿಗೆ ಮಿಲಿಮೀಟರಿನ ಹತ್ತನೇ ಒಂದು ಭಾಗ ವೇಗ ಇದ್ದರೆ ಸಾಕು. ಬಿಗ್ ಡೆಲ್ಟಾ 100 ಮಿಲಿಸೆಕೆಂಡ್ ಆದರೆ ಅಷ್ಟರಲ್ಲಿ ಹರಿವು ಅಣುವನ್ನು 10 ಮೈಕ್ರಾನ್ ಒಯ್ಯುತ್ತದೆ. ಅದೇ ಸಮಯದಲ್ಲಿ ಸಾಲೆನ್ ತಾನಾಗಿ ಅಲೆಯುವುದು ಸುಮಾರು 15 ಮೈಕ್ರಾನ್. ಅಳೆಯಬೇಕಾದದ್ದೂ ತಪ್ಪೂ ಹತ್ತತ್ತಿರ ಒಂದೇ ಗಾತ್ರ!

ಇದನ್ನು ಹಿಡಿಯುವ ಪರೀಕ್ಷೆ ಸರಳ. ಬಿಗ್ ಡೆಲ್ಟಾ ಬದಲಿಸಿ ಬದಲಿಸಿ ಅಳೆಯಿರಿ. 50, 100, 200 ಮಿಲಿಸೆಕೆಂಡ್ ಸಾಕು. ನಿಜವಾದ ಡಿಫ್ಯೂಷನ್ ಕಾಯುವ ಸಮಯಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಮೂರಕ್ಕೂ ಒಂದೇ ಉತ್ತರ ಬರಬೇಕು. ಕನ್ವೆಕ್ಷನ್ ಇದ್ದರೆ ಉತ್ತರ ಮೇಲೇರುತ್ತಾ ಹೋಗುತ್ತದೆ. ಸಿಗ್ನಲ್ ಕುಗ್ಗುವ ಮೊದಲ ಹಂತದಲ್ಲಿ ಲೆಕ್ಕ ಹೀಗೆ: ಕಾಣುವ ಬೆಲೆ ಅಂದರೆ ನಿಜ ಬೆಲೆಗೆ, ವೇಗದ ವರ್ಗವನ್ನು ಬಿಗ್ ಡೆಲ್ಟಾದಿಂದ ಗುಣಿಸಿದ್ದರ ಅರ್ಧ ಸೇರಿಸಿದ್ದು.

ಮೇಲಿನ ವೇಗವನ್ನೇ ಹಾಕಿ ನೋಡಿ. ಸಾಲೆನ್‌ನ ನಿಜ ಬೆಲೆ 1.15 ಇದ್ದರೆ 50ಕ್ಕೆ 1.40 ಕಾಣುತ್ತದೆ, 100ಕ್ಕೆ 1.65, 200ಕ್ಕೆ 2.15. ಗುರುತು ಸಿಕ್ಕಿತಾ? ಶುರುವಿನಲ್ಲಿ ಬಂದ 2.15 ಅದೇ. ಅಣು ಒಂದಿಷ್ಟೂ ಬದಲಾಗಿಲ್ಲ. ಆದರೆ ಸೂತ್ರಕ್ಕೆ ಹಾಕಿದರೆ ಅದರ ಗಾತ್ರ ಆರೂವರೆ ಪಟ್ಟು ಕುಗ್ಗಿದಂತೆ ತೋರುತ್ತದೆ, ತ್ರಿಜ್ಯದ ಘನ ತಾನೇ.

ಈಗ ಅದೇ ಟ್ಯೂಬಿನ ಕ್ಲೋರೋಫಾರ್ಮ್ ನೋಡಿ. ನಿಜ ಬೆಲೆ 2.35 ಅಂತ ಇಟ್ಟುಕೊಂಡರೆ ಅದು 2.60, 2.85, 3.35 ಆಗುತ್ತದೆ. ಇಲ್ಲಿ ಗಮನಿಸಿ. ಹರಿವು ಎಲ್ಲ ಅಣುಗಳಿಗೂ ಒಂದೇ ಮೊತ್ತವನ್ನು ಕೂಡಿಸುತ್ತದೆ. 200 ಮಿಲಿಸೆಕೆಂಡಿಗೆ ಸಾಲೆನ್‌ಗೂ 1.00, ಕ್ಲೋರೋಫಾರ್ಮ್‌ಗೂ 1.00. ಎರಡರ ನಡುವಿನ ಅಂತರ ಮೂರು ಸಲವೂ 1.20 ಆಗೇ ಉಳಿದಿದೆ. ಅನುಪಾತ ಮಾತ್ರ ಹಾಳಾಗಿದೆ: ನಿಜವಾಗಿ 2.04 ಇರಬೇಕಾದ್ದು 1.56ಕ್ಕೆ ಇಳಿದಿದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. "ದ್ರಾವಕದ ಗೆರೆಯನ್ನು ರೆಫರೆನ್ಸ್ ಮಾಡಿಕೊಂಡರೆ ಎಲ್ಲ ತಪ್ಪೂ ಹೊಡೆದುಹೋಗುತ್ತದೆ" ಅಂತ ಒಂದು ನಂಬಿಕೆ ಇದೆ. ಉಷ್ಣಾಂಶದ ತಪ್ಪಿಗೆ, ಸ್ನಿಗ್ಧತೆಯ ತಪ್ಪಿಗೆ, ಗ್ರೇಡಿಯಂಟಿನ ತಪ್ಪಿಗೆ ಅದು ನಿಜ. ಅವು ಗುಣಿಸುವ ತಪ್ಪುಗಳು. ಕನ್ವೆಕ್ಷನ್ ಕೂಡಿಸುವ ತಪ್ಪು. ಕ್ಲೋರೋಫಾರ್ಮ್ 2.35 ಇರಬೇಕು, 3.35 ಬಂದಿದೆ ಅಂತ ಸಾಲೆನ್‌ನ 2.15ನ್ನು ಅದೇ ಅನುಪಾತದಲ್ಲಿ ಇಳಿಸಿದರೆ ಸಿಗುವುದು 1.51. ಇನ್ನೂ 31 ಶೇಕಡಾ ಜಾಸ್ತಿ. ನಿಧಾನದ ಅಣು, ಅಂದರೆ ದೊಡ್ಡ ಅಣು, ಇದರಲ್ಲಿ ಜಾಸ್ತಿ ಏಟು ತಿನ್ನುತ್ತದೆ. ದೊಡ್ಡ ಮ್ಯಾಕ್ರೋಸೈಕಲ್ (ಉಂಗುರದಂಥ ಅಣು) ಮಾಡುವವರು ಇದನ್ನು ಎರಡು ಸಲ ಓದಿ.

ಇನ್ನೊಂದು ಪುರಾವೆ ಇದೆ, ಅದನ್ನು ಕಂಡ ಮೇಲೆ ವಾದವೇ ಇಲ್ಲ. ಗ್ರೇಡಿಯಂಟ್ ಜಾಸ್ತಿ ಮಾಡುತ್ತಾ ಹೋದಂತೆ ಗೆರೆ ಕುಗ್ಗಿ, ಸೊನ್ನೆ ದಾಟಿ, ತಲೆಕೆಳಗಾಯಿತಾ? ಬರೀ ಡಿಫ್ಯೂಷನ್ ಸಿಗ್ನಲ್ಲನ್ನು ಸೊನ್ನೆಗೆ ಹತ್ತಿರ ಒಯ್ಯುತ್ತದೆ, ಸೊನ್ನೆಯ ಕೆಳಗೆ ಇಳಿಸಲಾರದು. ತಲೆಕೆಳಗಾದ ಗೆರೆ ಅಂದರೆ ಹರಿವು. ಅಂಥ ಡೇಟಾವನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಅದು ಆಗಲೂ ನಗುನಗುತ್ತಾ ಒಂದು ಸಂಖ್ಯೆ ಕೊಡುತ್ತದೆ. ಗ್ರಾಫ್ ಕಣ್ಣಿನಿಂದ ನೋಡದೆ ಸಂಖ್ಯೆ ಬರೆದುಕೊಳ್ಳಬೇಡಿ.

ನಿಲ್ಲಿಸುವುದು ಹೇಗೆ

ಖರ್ಚಿಲ್ಲದ್ದು ಮೊದಲು. ಸ್ಯಾಂಪಲ್ ಉಷ್ಣಾಂಶವನ್ನು ಕೋಣೆಗೆ ಸಮ ಮಾಡಿ, ಇಲ್ಲವೇ ಒಂದು ಡಿಗ್ರಿ ಕೆಳಗಿಡಿ. ಆಗ ತಳ ತಣ್ಣಗಿರುತ್ತದೆ, ಭಾರದ ದ್ರವ ಕೆಳಗೇ ಕೂರುತ್ತದೆ. ಗಾಳಿಯ ಹರಿವು ಸ್ವಲ್ಪ ಜಾಸ್ತಿ ಮಾಡಿದರೆ ಮೇಲೂ ಕೆಳಗೂ ಉಷ್ಣಾಂಶ ಸಮವಾಗುತ್ತದೆ, ಆದರೆ ಟ್ಯೂಬ್ ಅಲ್ಲಾಡುವಷ್ಟು ಬೇಡ. ಟ್ಯೂಬ್ ಇಳಿಸಿದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಅವಸರದವರ ಡೇಟಾ ಇಲ್ಲೇ ಕೆಡುವುದು.

ಮೈಸೂರಿನಲ್ಲಿ ಇದಕ್ಕೊಂದು ಋತುಮಾನ ಇದೆ. ಏಪ್ರಿಲ್‌ನಲ್ಲಿ ಎಸಿ ಸೋತು ಕೋಣೆ 28ಕ್ಕೆ ಹೋದರೆ, 25ಕ್ಕೆ ಇಟ್ಟ ಗಾಳಿ ತಂಪಾಗಿ ಬರಬೇಕು. ಅದನ್ನು ತಂಪು ಮಾಡುವ ಸಾಧನ ಇದ್ದರೆ ದ್ರವ ನಿಲ್ಲುತ್ತದೆ, ಡೇಟಾ ಚೆನ್ನಾಗಿ ಬರುತ್ತದೆ. ಡಿಸೆಂಬರ್ ಬೆಳಿಗ್ಗೆ ಕೋಣೆ ತಣ್ಣಗೆ, ಅದೇ 25ಕ್ಕೆ ಗಾಳಿ ಬಿಸಿಯಾಗಬೇಕು. ಅದೇ ಸ್ಯಾಂಪಲ್, ಅದೇ ಪ್ರೋಗ್ರಾಂ, ಬೇರೆ ಉತ್ತರ. ಬೇಸಿಗೆಯಲ್ಲಿ ಸರಿ ಬಂದದ್ದು ಚಳಿಯಲ್ಲಿ ತಪ್ಪಿದರೆ ಕಾಂಪೌಂಡ್ ಹಳೆಯದಾಗಿದೆ ಅಂತ ತೀರ್ಮಾನ ಮಾಡುವುದು ಬೇಡ. ಕರೆಂಟ್ ಹೋಗಿ ಜನರೇಟರ್ ಮೇಲೆ ಎಸಿ ಬಾರದೆ ಇದ್ದ ದಿನಗಳನ್ನೂ ಲಾಗ್ ಬುಕ್ಕಿನಲ್ಲಿ ಬರೆಯಿರಿ.

ಎರಡನೆಯದು ಟ್ಯೂಬ್. ಹರಿವು ಶುರುವಾಗುವುದು ಒಳಗಿನ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅಂಟಿಕೊಂಡಿದೆ. 5 ಮಿಲಿಮೀಟರ್ ಟ್ಯೂಬಿನ ಒಳ ವ್ಯಾಸ ಸುಮಾರು 4.2, 3 ಮಿಲಿಮೀಟರಿನದು ಸುಮಾರು 2.4. ಅಷ್ಟಕ್ಕೇ ಒಂಬತ್ತು ಪಟ್ಟು ಅನುಕೂಲ. ದ್ರಾವಣ ಮೂರನೇ ಒಂದು ಪಾಲಿಗೆ ಇಳಿಯುವುದರಿಂದ ಸ್ಕ್ಯಾನ್ ಜಾಸ್ತಿ ಹಾಕಬೇಕು, ಅಷ್ಟೇ. ನನ್ನ ಕೇಳಿದರೆ ಕ್ಲೋರೋಫಾರ್ಮ್‌ನಲ್ಲಿ ಡಿಫ್ಯೂಷನ್ ಮಾಡುವ ಯಾವ ಲ್ಯಾಬ್ ಆದರೂ ಮೊದಲು ನಾಲ್ಕು 3 ಮಿಲಿಮೀಟರ್ ಟ್ಯೂಬ್ ಕೊಳ್ಳಬೇಕು.

ಮೂರನೆಯದು ಪಲ್ಸ್ ಪ್ರೋಗ್ರಾಂ. ಡಬಲ್ ಸ್ಟಿಮ್ಯುಲೇಟೆಡ್ ಎಕೋ ಅಂತ ಒಂದು ಇದೆ, ಜೆರ್ಷೋ ಮತ್ತು ಮುಲ್ಲರ್ 1997ರಲ್ಲಿ ಕೊಟ್ಟದ್ದು. ಕಾಯುವ ಸಮಯವನ್ನು ಎರಡು ಸಮ ಪಾಲು ಮಾಡಿ, ಎರಡನೇ ಪಾಲಿನಲ್ಲಿ ಗುರುತನ್ನು ತಿರುವು ಮಾಡುತ್ತದೆ. ಒಂದೇ ವೇಗದಲ್ಲಿ ಹರಿದ ದೂರ ಹೊಡೆದುಹೋಗುತ್ತದೆ, ದಿಕ್ಕಿಲ್ಲದೆ ಅಲೆದದ್ದು ಉಳಿಯುತ್ತದೆ. ಬೆಲೆ ಏನಪ್ಪಾ ಅಂದರೆ ಸಾದಾ ಸ್ಟಿಮ್ಯುಲೇಟೆಡ್ ಎಕೋಗಿಂತ ಸಿಗ್ನಲ್ ಇನ್ನೂ ಅರ್ಧ ಹೋಗುತ್ತದೆ. ಹರಿವು ಜೋರಾಗಿ, ವೇಗವೂ ಬದಲಾಗುತ್ತಿದ್ದರೆ ಇದೂ ಪೂರ್ತಿ ಕೈ ಹಿಡಿಯುವುದಿಲ್ಲ.

ಯಾವುದೂ ಇಲ್ಲದಿದ್ದರೆ ಬಡವರ ದಾರಿ ಒಂದಿದೆ. ಮೂರು ಬಿಗ್ ಡೆಲ್ಟಾಗೆ ಬಂದ ಬೆಲೆಗಳನ್ನು ಗ್ರಾಫಿನಲ್ಲಿ ಇಟ್ಟು, ಗೆರೆ ಎಳೆದು, ಸೊನ್ನೆ ಸಮಯಕ್ಕೆ ಚಾಚಿ. ಮೇಲಿನ 1.40, 1.65, 2.15 ಸೇರಿಸಿ ಎಳೆದರೆ ಗೆರೆ 1.15ಕ್ಕೇ ಬಂದು ತಾಗುತ್ತದೆ. ಬಿಂದುಗಳು ನೇರ ಗೆರೆಯ ಮೇಲೆ ಕೂರದಿದ್ದರೆ ಈ ದಾರಿ ಬಿಟ್ಟುಬಿಡಿ.

ದ್ರಾವಕ ಬದಲಿಸಿಯೂ ನೋಡಬಹುದು. ಡಿಎಂಎಸ್‌ಒದಂಥ ಮಂದ ದ್ರವದಲ್ಲಿ ಕನ್ವೆಕ್ಷನ್ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಅಲ್ಲಿ ಬಂದ ಬೆಲೆಯನ್ನು ಅದರ ಸ್ನಿಗ್ಧತೆಯಿಂದ ಗುಣಿಸಿ. ಕ್ಲೋರೋಫಾರ್ಮ್‌ನದನ್ನೂ ಹಾಗೇ ಮಾಡಿ. 1.15ನ್ನು 0.54ರಿಂದ ಗುಣಿಸಿದರೆ 0.62. ಡಿಎಂಎಸ್‌ಒದಲ್ಲಿ 0.31 ಬಂದರೆ ಅದನ್ನು 2ರಿಂದ ಗುಣಿಸಿದರೂ 0.62. ಎರಡೂ ಕೂಡಿಬಂದರೆ ಅಣು ಒಂದೇ, ಗಾತ್ರ ಒಂದೇ. ಚಳಿಗಾಲದಲ್ಲಿ ಡಿಎಂಎಸ್‌ಒ ಬಾಟಲಿ ಗಟ್ಟಿಯಾಗಿ ಕೂತಿದ್ದರೆ ಹಾಳಾಯಿತು ಅಂತ ಎಸೆಯಬೇಡಿ, ಅದು ಹೆಪ್ಪುಗಟ್ಟುವುದೇ 18.5 ಡಿಗ್ರಿಗೆ. ಬಿಸಿನೀರಿನ ಬೀಕರಿನಲ್ಲಿ ಇಡಿ.

ಉಷ್ಣಾಂಶ ಮತ್ತು ಗ್ರೇಡಿಯಂಟ್

ಬಿಗ್ ಡೆಲ್ಟಾ ಬದಲಿಸಿದರೂ ಉತ್ತರ ಕದಲಲಿಲ್ಲ, ಆದರೆ ಎಲ್ಲ ಗೆರೆಗಳೂ ಒಂದೇ ಅನುಪಾತದಲ್ಲಿ ಮೇಲಿವೆ. ಇದು ಗುಣಿಸುವ ತಪ್ಪು.

ಮೊದಲು ಉಷ್ಣಾಂಶ. ಪರದೆಯ ಮೇಲಿನ 25 ಗಾಳಿಯದು, ದ್ರವದ್ದಲ್ಲ. ಮೆಥನಾಲ್ ಟ್ಯೂಬ್ ಹಾಕಿ, ಒಎಚ್ ಮತ್ತು ಮೀಥೈಲ್ ಗೆರೆಗಳ ನಡುವಿನ ಅಂತರದಿಂದ ನಿಜ ಉಷ್ಣಾಂಶ ತಿಳಿಯಿರಿ. ಆಮೇಲೆ ಗ್ರೇಡಿಯಂಟ್. ಭಾರಜಲದಲ್ಲಿ ಉಳಿದಿರುವ ಎಚ್‌ಡಿಒ ಗೆರೆ 25 ಡಿಗ್ರಿಯಲ್ಲಿ 1.90 ಕೊಡಬೇಕು. 2.09 ಬಂದರೆ ಬೆಲೆ 10 ಶೇಕಡಾ ಮೇಲೆ, ಅಂದರೆ ಗ್ರೇಡಿಯಂಟ್ ಅಂಶ ಸುಮಾರು 5 ಶೇಕಡಾ ತಪ್ಪು, ಯಾಕೆಂದರೆ ಲೆಕ್ಕದಲ್ಲಿ ಅದು ವರ್ಗವಾಗಿ ಬರುತ್ತದೆ. ಆದರೆ ದ್ರವ 4 ಡಿಗ್ರಿ ಬಿಸಿಯಾಗಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅದಕ್ಕೇ ಮೆಥನಾಲ್ ಮೊದಲು ಅಂದದ್ದು. ಸಾಲು ತಪ್ಪಿಸಿದರೆ ಉಷ್ಣಾಂಶದ ತಪ್ಪನ್ನು ಗ್ರೇಡಿಯಂಟ್ ಮೇಲೆ ಹೇರಿ, ಮುಂದಿನವರ ಅಳತೆಗಳನ್ನೂ ಕೆಡಿಸಿದಂತಾಗುತ್ತದೆ.

ಎನ್‌ಎಂಆರ್ ಸ್ಲಾಟ್ ಸಿಗದಿದ್ದಾಗ

ಕಾಲೇಜಿನ ಲ್ಯಾಬಿನಲ್ಲಿ ಓಸ್ಟ್‌ವಾಲ್ಡ್ ವಿಸ್ಕೋಮೀಟರ್ (ಸ್ನಿಗ್ಧತೆ ಅಳೆಯುವ ಗಾಜಿನ ಕೊಳವೆ) ಇದ್ದೇ ಇರುತ್ತದೆ. ಅಣುವಿನ ಗಾತ್ರ ಅದು ಹೇಳುವುದಿಲ್ಲ. ಆದರೆ ನಿಮ್ಮ ದ್ರಾವಣದ ಸ್ನಿಗ್ಧತೆ ಬರೀ ದ್ರಾವಕಕ್ಕಿಂತ ಎಷ್ಟು ಬೇರೆ ಅಂತ ಹೇಳುತ್ತದೆ. ಸೂತ್ರಕ್ಕೆ ಪುಸ್ತಕದ 0.54 ಹಾಕಬಹುದೋ ಇಲ್ಲವೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಒಂದು ಹಳ್ಳ ಇದೆ ನೋಡಿಕೊಳ್ಳಿ. ಕ್ಲೋರೋಫಾರ್ಮ್ ತೆಳು ಮಾತ್ರವಲ್ಲ, ಭಾರವೂ ಹೌದು, ಸಾಂದ್ರತೆ 1.48. ನೀರು 100 ಸೆಕೆಂಡಿಗೆ ಇಳಿಯುವ ವಿಸ್ಕೋಮೀಟರಿನಲ್ಲಿ ಅದು ಸುಮಾರು 41 ಸೆಕೆಂಡಿಗೆ ಇಳಿದುಬಿಡುತ್ತದೆ. ಅಷ್ಟು ಬೇಗ ಇಳಿದರೆ ಸಾದಾ ಸೂತ್ರ ಸಾಲದು, ಸ್ಟಾಪ್‌ವಾಚ್ ಒತ್ತುವ ಬೆರಳಿನ ತಪ್ಪೂ ದೊಡ್ಡದಾಗುತ್ತದೆ. ಸಣ್ಣ ಕ್ಯಾಪಿಲರಿಯದನ್ನು ಆರಿಸಿ.

ನೀರಿನ ಸ್ನಾನದ ಥರ್ಮಾಮೀಟರ್ ಬಗ್ಗೆಯೂ ಎಚ್ಚರ. ಕುದಿಯುವ ನೀರಿನಲ್ಲಿ ಅದ್ದಿ 100 ತೋರಿಸಲಿಲ್ಲ ಅಂತ ತಿದ್ದುಪಡಿ ಹಾಕುವವರಿದ್ದಾರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಇಲ್ಲಿ ನೀರು 97.5ರ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ ಸತ್ಯವನ್ನೇ ಹೇಳುತ್ತಿದೆ. ಆ ಎರಡೂವರೆ ಡಿಗ್ರಿಯನ್ನು 25ರಲ್ಲೂ ಕೂಡಿಸಿದರೆ ನೀರಿನ ಸ್ನಿಗ್ಧತೆ 5 ಶೇಕಡಾ ತಪ್ಪುತ್ತದೆ. ಮಂಜುಗಡ್ಡೆಯಲ್ಲಿ ಸೊನ್ನೆ ನೋಡಿ, ಅದು ಊರು ನೋಡಿ ಬದಲಾಗುವುದಿಲ್ಲ. ಇದೇ ಕಾರಣಕ್ಕೆ ಎಥನಾಲ್ ರಿಫ್ಲಕ್ಸ್ ಇಲ್ಲಿ ಪುಸ್ತಕದ 78ಕ್ಕಿಂತ ಎರಡು ಡಿಗ್ರಿ ಕೆಳಗೇ ನಡೆಯುತ್ತದೆ. ಸಾಲೆನ್‌ಗೆ ಅದರಿಂದ ಏನೂ ಆಗುವುದಿಲ್ಲ.

ಬೆಲೆ ಕಡಿಮೆ ಬಂದರೆ

ಇದು ಅಪರೂಪ, ಹಾಗಾಗಿ ಚಿಕ್ಕದಾಗಿ. 1.15ರ ಬದಲು 0.8 ಬಂದಿದೆ ಅನ್ನಿ. ಕನ್ವೆಕ್ಷನ್ ಬೆಲೆಯನ್ನು ಇಳಿಸುವುದಿಲ್ಲ, ಅದನ್ನು ಮರೆತುಬಿಡಿ. ಒಂದೋ ದ್ರಾವಣ ಗಟ್ಟಿಯಾಗಿದೆ, ಇಲ್ಲವೇ ಅಣುಗಳು ಒಂದಕ್ಕೊಂದು ಅಂಟಿಕೊಂಡಿವೆ. ಟ್ಯೂಬಿನ ಅರ್ಧ ದ್ರಾವಣ ತೆಗೆದು, ಅಷ್ಟೇ ಹೊಸ ಸಿಡಿಸಿಎಲ್3 ಸೇರಿಸಿ, ಮತ್ತೆ ಅಳೆಯಿರಿ. ಸಾಲೆನ್ ಜೊತೆ ಕ್ಲೋರೋಫಾರ್ಮ್‌ನ ಬೆಲೆಯೂ ಅದೇ ಅನುಪಾತದಲ್ಲಿ ಏರಿದರೆ ಸ್ನಿಗ್ಧತೆಯ ತಪ್ಪು, 10 ಮಿಲಿಗ್ರಾಂಗಿಂತ ಜಾಸ್ತಿ ಹಾಕಬೇಡಿ. ಕ್ಲೋರೋಫಾರ್ಮ್ ಇದ್ದಲ್ಲೇ ಇದ್ದು ನಿಮ್ಮ ಅಣು ಮಾತ್ರ ಏರಿದರೆ ಅವು ಜೊತೆಗೂಡುತ್ತಿವೆ. ಎರಡೂ ಕದಲದಿದ್ದರೆ ನೀವು ಮಾಡಿರುವುದು ಅಂದುಕೊಂಡದ್ದಕ್ಕಿಂತ ದೊಡ್ಡ ಅಣು. ಮಾಸ್ ಸ್ಪೆಕ್ಟ್ರಮ್‌ಗೆ ಕಳಿಸಿ.